80 ಪಿಎಸ್‌ಐ ಟೈರಿಗೆ ಎಂಥ ಕಂಪ್ರೆಸರ್ ಬೇಕು?

ಚಕ್ರದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ವ್ಯಾನ್ ಚಾಸಿ ಮೇಲೆ ಕಟ್ಟಿದ ಮೋಟರ್‌ಹೋಮ್. ಟೈರು ಎಲ್‌ಟಿ 225/75 ಆರ್16. ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು. ಬಾಗಿಲ ಪಕ್ಕದ ಸ್ಟಿಕರ್ ಪ್ರಕಾರ ಗಾಳಿಯ ಒತ್ತಡ ಮುಂದಿನವಕ್ಕೆ 65, ಹಿಂದಿನವಕ್ಕೆ 80 ಪಿಎಸ್‌ಐ ಇರಬೇಕು.

ಕಾರಿಗೆ ಅಂತ ಇಟ್ಟುಕೊಂಡಿದ್ದ ಸಣ್ಣ ಪಂಪ್ ಒಂದಿದೆ. ಡಬ್ಬಿಯ ಮೇಲೆ 150 ಪಿಎಸ್‌ಐ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಹಿಂದಿನ ಟೈರಿಗೆ ಸಿಕ್ಕಿಸಿದರೆ 60 ದಾಟುವಷ್ಟರಲ್ಲಿ ಏದುಸಿರು ಬಿಡುತ್ತದೆ. 70ರ ಹತ್ತಿರ ತಾನಾಗಿಯೇ ನಿಂತುಬಿಡುತ್ತದೆ. ಮುಟ್ಟಿದರೆ ಕೈ ಸುಡುತ್ತದೆ. ಆರಲಿ ಅಂತ ಬಿಟ್ಟು ಮತ್ತೆ ಒತ್ತಿದರೆ ಮತ್ತದೇ ಕತೆ.

ನಮ್ಮ ಮನೆಯವರು, "ಸುಮ್ನೆ ಟ್ಯಾಂಕ್ ಇರೋ ದೊಡ್ಡದೊಂದು ತಗೊಂಡುಬಿಡೋಣ" ಅಂತಾರೆ. ಇಡೋದೆಲ್ಲಿ, ನನ್ನ ತಲೆ ಮೇಲಾ? ಗ್ಯಾಸ್ ಸಿಲಿಂಡರ್ ಪಕ್ಕ ಒಂದು ಶೂ ಡಬ್ಬಿಯಷ್ಟು ಜಾಗ ಇದೆ, ಅಷ್ಟೇ. ಲೈಟರ್ ಸಾಕೆಟ್‌ಗೆ ಹಾಕೋ ಥರದ್ದು ಸಾಕಾ, ಬ್ಯಾಟರಿಗೆ ಕ್ಲಿಪ್ ಹಾಕೋದೇ ಬೇಕಾ? ಚಾರ್ಜ್ ಮಾಡಿ ಬಳಸೋ ಪುಟ್ಟ ಪಂಪ್‌ಗಳು ಹೇಗೆ? ಹಿಂದಿನ ಒಳಗಿನ ಟೈರಿನ ವಾಲ್ವ್‌ಗೆ ಕೈಯೇ ಹೋಗುವುದಿಲ್ಲ, ಅದಕ್ಕೇನು ಮಾಡುತ್ತೀರಿ?

ಹಳೇಗಾಲಿ:

ಮೇಡಂ, ನಿಮ್ಮ ಪಂಪ್ ಕೆಟ್ಟಿಲ್ಲ. ಅದರ ಕೈಲಿ ಆಗೋ ಕೆಲಸ ಅದಲ್ಲ. ಡಬ್ಬಿಯ ಮೇಲಿನ 150 ಅಂದರೆ ಅಷ್ಟು ಒತ್ತಡದವರೆಗೆ ಹೇಗೋ ಮುಟ್ಟಬಲ್ಲದು ಅಂತಷ್ಟೇ ಅರ್ಥ. ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಮುಟ್ಟುವವರೆಗೆ ಮೋಟರ್ ತಡೆಯುತ್ತದಾ ಅನ್ನೋದನ್ನ ದಪ್ಪಕ್ಷರದಲ್ಲಿ ಯಾರೂ ಹಾಕುವುದಿಲ್ಲ. ಕೊಳ್ಳುವಾಗ ಆ ಅಂಕಿಯನ್ನು ಮರೆತು ಬೇರೆ ಎರಡನ್ನು ಹುಡುಕಿ.

ಮೊದಲು ಡ್ಯೂಟಿ ಸೈಕಲ್, ಅಂದರೆ ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲು ಓಡಿಸಬಹುದು ಅನ್ನೋದು. 100 ಪಿಎಸ್‌ಐನಲ್ಲಿ 33 ಶೇಕಡಾ ಅಂತ ಇದ್ದರೆ 15 ನಿಮಿಷ ಓಡಿಸಿ 30 ನಿಮಿಷ ಆರಲು ಬಿಡಬೇಕು ಅಂತ. ಯಾವ ಒತ್ತಡದಲ್ಲಿ ಅಂತ ಬರೆಯದೆ ಬರೀ ಶೇಕಡಾ ಬರೆದಿದ್ದರೆ ಆ ಅಂಕಿಗೆ ಬೆಲೆ ಇಲ್ಲ. 35 ಪಿಎಸ್‌ಐನಲ್ಲಿ ಎಲ್ಲವೂ ಓಡುತ್ತವೆ.

ಎರಡನೆಯದು, ನಿಮ್ಮ ಟೈರಿನ ಒತ್ತಡದಲ್ಲಿ ಅದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅನ್ನೋದು. ಎಲ್ಲರೂ ಪೈಪಿನ ಮೂತಿ ತೆರೆದಿಟ್ಟು ಅಳೆದ ಅಂಕಿಯನ್ನೇ ಕೊಡುತ್ತಾರೆ. ಅದು 0 ಪಿಎಸ್‌ಐ ಲೆಕ್ಕ. ಒತ್ತಡ ಏರಿದಂತೆ ಗಾಳಿ ಕಡಿಮೆಯಾಗುತ್ತದೆ. ಯಾಕೆ ಅಂದರೆ, ಪಿಸ್ಟನ್ ಎಷ್ಟೇ ಮೇಲೆ ಹೋದರೂ ತಲೆಭಾಗದಲ್ಲಿ ಚೂರು ಜಾಗ ಉಳಿಯುತ್ತದೆ. ಅಲ್ಲಿ ಸಿಕ್ಕಿಕೊಂಡ ಬಿಗಿ ಗಾಳಿ ಪಿಸ್ಟನ್ ಕೆಳಗಿಳಿಯುವಾಗ ಮತ್ತೆ ಹಿಗ್ಗುತ್ತದೆ. ಅದು ಹಿಗ್ಗಿ ಮುಗಿಯುವವರೆಗೆ ಹೊಸ ಗಾಳಿ ಒಳಗೆ ಬರುವುದಿಲ್ಲ. 80ರಲ್ಲಿ ಹೀಗೆ ದಂಡವಾಗೋ ಪಾಲು ಜಾಸ್ತಿ. ಸಣ್ಣ ಸಿಲಿಂಡರ್ ಆದರೆ ಇನ್ನೂ ಜಾಸ್ತಿ. ಮೋಟರ್ ಮಾತ್ರ ಪೂರಾ ಕರೆಂಟ್ ತಿನ್ನುತ್ತಲೇ ಇರುತ್ತದೆ. ನಿಮ್ಮ ಕೈ ಸುಟ್ಟಿದ್ದು ಅದಕ್ಕೇ.

ಲೆಕ್ಕ ಸುಲಭ. ನಿಮ್ಮ ಅಳತೆಯ ಟೈರಿನೊಳಗೆ ಹೆಚ್ಚುಕಡಿಮೆ 50 ಲೀಟರ್ ಜಾಗ. 15 ಪಿಎಸ್‌ಐ ಏರಿಸಲು ಇನ್ನೊಂದು 50 ಲೀಟರ್ ಹೊರಗಿನ ಗಾಳಿ ತುರುಕಬೇಕು. 80ರ ಹತ್ತಿರವೂ ನಿಮಿಷಕ್ಕೆ 28 ಲೀಟರ್, ಅಂದರೆ 1 ಸಿಎಫ್‌ಎಂ (ನಿಮಿಷಕ್ಕೆ ಒಂದು ಘನ ಅಡಿ) ಕೊಡೋ ಯಂತ್ರ ಅದನ್ನು 2 ನಿಮಿಷದಲ್ಲಿ ಮುಗಿಸುತ್ತದೆ. 8 ಲೀಟರ್ ಕೊಡೋದಕ್ಕೆ 6 ನಿಮಿಷ ದಾಟುತ್ತದೆ. ಆರು ಟೈರಿಗೆ ಗುಣಿಸಿಕೊಳ್ಳಿ.

ಹೆಸರು ಹೇಳಿ ಅಂದರೆ, ವಯೇರ್ ಕಂಪನಿಯ 400ಪಿ ಈ 33 ಶೇಕಡಾ ಜಾತಿಯದು. 450ಪಿ 100 ಪಿಎಸ್‌ಐನಲ್ಲಿ ನಿಲ್ಲಿಸದೆ ಓಡಿಸಬಹುದಾದದ್ದು. ತಮಾಷೆ ಏನಂದರೆ ತೆರೆದ ಮೂತಿಯಲ್ಲಿ ಮೊದಲನೆಯದು 2.3 ಸಿಎಫ್‌ಎಂ, ಎರಡನೆಯದು 1.8. ನಿಲ್ಲದೆ ಓಡೋದೇ ನಿಧಾನ! ನಿಮ್ಮದು ಬರೀ ಐದು ಹತ್ತು ಪಿಎಸ್‌ಐ ಸರಿಮಾಡೋ ಕೆಲಸ ತಾನೇ? 33 ಶೇಕಡಾದ್ದು ಧಾರಾಳವಾಗಿ ಸಾಕು. ಬೇರೆ ಕಂಪನಿಯದಾದರೂ ಪರವಾಗಿಲ್ಲ, ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಚಾರ್ಜ್ ಮಾಡೋ ಪುಟ್ಟ ಪಂಪ್ ಕಾರಿಗೆ, ಸೈಕಲ್ಲಿಗೆ ಚೆನ್ನ. ನಿಮ್ಮ ಹಿಂದಿನ ಟೈರಿಗೆ ಬೇಡ.

ಆಂಪಿಯರ್:

ಕರೆಂಟಿನ ಕಡೆ ನಾನು ಹೇಳುತ್ತೇನೆ. ಹಳೇಗಾಲಿ ಹೇಳಿದ ಅಳತೆಯ ಕಂಪ್ರೆಸರ್ 20ರಿಂದ 30 ಆಂಪಿಯರ್ ಎಳೆಯುತ್ತದೆ. ಲೈಟರ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10ರಿಂದ 20. ಹಾಕಿದ ಕೂಡಲೇ ಹಾರದಿದ್ದರೂ ಒತ್ತಡ ಏರಿದಾಗ ಹಾರುತ್ತದೆ. ದೊಡ್ಡ ಫ್ಯೂಸ್ ಹಾಕೋ ಯೋಚನೆ ದಯವಿಟ್ಟು ಬೇಡ, ಸಾಕೆಟ್‌ನ ಹಿಂದಿರೋ ವೈರು ಆ ಭಾರಕ್ಕೆ ಹಾಕಿದ್ದಲ್ಲ. ಬ್ಯಾಟರಿಗೆ ನೇರ ಕ್ಲಿಪ್ ಹಾಕಿ. ಬಯಲಲ್ಲಿ ನಿಲ್ಲಿಸಿ ಎಂಜಿನ್ ಓಡುತ್ತಿರಲಿ, ಆಗ ವೋಲ್ಟೇಜ್ ಬೀಳುವುದಿಲ್ಲ.

ಇನ್ನೊಂದು ವಿಷಯ. ಬ್ಯಾಟರಿ ಮುಂದೆ, ಟೈರು ಹಿಂದೆ. ಎಲ್ಲರಿಗೂ ಮೊದಲು ಹೊಳೆಯೋದು ವೈರು ಉದ್ದ ಮಾಡೋಣ ಅಂತ. ಹಾಗೆ ಮಾಡಬೇಡಿ. 30 ಆಂಪಿಯರ್ ಹರಿಯುವಾಗ ವೈರಿನಲ್ಲಿ 0.1 ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಹೋಯಿತು. 12 ವೋಲ್ಟ್ ಮೋಟರ್‌ಗೆ 9 ಸಿಕ್ಕರೆ ಅದು ತೆವಳುತ್ತದೆ, ಕಾಯುತ್ತದೆ. ಉದ್ದ ಮಾಡೋದಾದರೆ ಗಾಳಿಯ ಪೈಪನ್ನು ಮಾಡಿ. ಪೈಪ್ ಎಷ್ಟು ಉದ್ದವಿದ್ದರೂ ಕೊನೆಗೆ ಟೈರಿಗೆ ಅದೇ ಒತ್ತಡ ಬರುತ್ತದೆ.

ಕೊಳ್ಳುವ ಮೊದಲು ಗಾಡಿ 12 ವೋಲ್ಟಾ 24 ವೋಲ್ಟಾ ನೋಡಿಕೊಳ್ಳಿ. ವ್ಯಾನ್ ಚಾಸಿ ಅಂದರೆ ಬಹುತೇಕ 12.

ದೊಡ್ಡಗಾಡಿ:

ಮನೆಯವರ ಟ್ಯಾಂಕ್ ಐಡಿಯಾಗೆ ಒಂದು ಮಾತು. ಗೋಡೆಯ ಪ್ಲಗ್ಗಿಗೆ ಹಾಕೋ ಕಂಪ್ರೆಸರ್ ಸ್ಟಾರ್ಟ್ ಆಗೋ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಕೇಳುತ್ತದೆ. ಸಣ್ಣ ಇನ್ವರ್ಟರ್ ಅಲ್ಲೇ ಕೈ ಎತ್ತುತ್ತದೆ. ಅದೂ ಅಲ್ಲದೆ ಕೆಲವು 8 ಬಾರ್‌ಗೆ ನಿಲ್ಲುತ್ತವೆ, ಅಂದರೆ 116 ಪಿಎಸ್‌ಐ. ನಿಮ್ಮ 80ಕ್ಕೆ ಅದು ಸಾಕು, ನನ್ನ ಟೈರಿನ 110ಕ್ಕೆ ಸಾಲದು.

ನನ್ನದರಲ್ಲಿ ಏರ್ ಬ್ರೇಕ್ ಇದೆ. ಅದರ ಟ್ಯಾಂಕಿನಿಂದಲೇ ಪೈಪ್ ಎಳೆದು ಟೈರಿಗೆ ಹೊಡೆಯಬಹುದು ಅನ್ನುತ್ತಾರೆ. ಹೊಡೆಯಬಹುದು. ಆದರೆ ಟ್ಯಾಂಕ್ 120ರ ಸುಮಾರಿಗೆ ತುಂಬಿದ ಮೇಲೆ ಕಂಪ್ರೆಸರ್ ಸುಮ್ಮನಾಗುತ್ತದೆ, 100ರ ಹತ್ತಿರ ಇಳಿಯೋವರೆಗೆ ಮತ್ತೆ ಶುರುವಾಗುವುದಿಲ್ಲ. ಟೈರು 105ರಲ್ಲಿ ಇದ್ದರೆ ಎರಡೂ ಕಡೆ ಸಮವಾಗಿ ಗಾಳಿ ಅಲ್ಲೇ ನಿಂತುಬಿಡುತ್ತದೆ. ಆಗ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಒತ್ತಿ ಟ್ಯಾಂಕ್ ಇಳಿಸಬೇಕು. ಅದಕ್ಕೇ ನಾನೂ ಪ್ರತ್ಯೇಕ ಕಂಪ್ರೆಸರ್ ಇಟ್ಟುಕೊಂಡಿದ್ದೇನೆ.

ಚಕ್ರದಮನೆ:

ಎಲ್ಲರಿಗೂ ಥ್ಯಾಂಕ್ಸ್. ಟ್ಯಾಂಕ್ ವಿಚಾರ ಮನೆಯವರಿಗೆ ಓದಿ ಹೇಳಿದೆ, ಗಪ್‌ಚುಪ್. ಕ್ಲಿಪ್ ಹಾಕೋದನ್ನೇ ತಗೊಳ್ಳುತ್ತೇವೆ. ಒಳಗಿನ ವಾಲ್ವ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ, ಗಾಳಿ ನೋಡೋಕೆ ಕಂಪ್ರೆಸರ್‌ನಲ್ಲೇ ಇರೋ ಗೇಜ್ ನಂಬಬಹುದಾ?

ಹಳೇಗಾಲಿ:

ನಂಬಬೇಡಿ. ಪಂಪ್ ಓಡುವಾಗ ಆ ಗೇಜ್ ಪೈಪಿನೊಳಗಿನ ಒತ್ತಡ ತೋರಿಸುತ್ತದೆ, ಟೈರಿನದಲ್ಲ. ಯಾವಾಗಲೂ ಜಾಸ್ತಿಯೇ ಇರುತ್ತದೆ. ನಿಲ್ಲಿಸಿ ನೋಡಿದರೆ ಪರವಾಗಿಲ್ಲ. ಆದರೂ ಬೇರೆ ಗೇಜ್ ಒಂದಿರಲಿ, 100 ದಾಟಿ ಓದೋದು. ಕಾರಿನ ಗೇಜ್ 60ಕ್ಕೇ ಮುಗಿದಿರುತ್ತದೆ.

ಒಳಗಿನ ಟೈರಿಗೆ ಎರಡು ಮುಖದ ಉದ್ದ ಮೂತಿ ಸಿಗುತ್ತದೆ. ಲಾರಿಯವರು ಬಳಸೋದು. ಒಂದು ಮುಖ ಒತ್ತೋಕೆ, ಇನ್ನೊಂದು ಹಿಂದಕ್ಕೆ ಎಳೆದು ಹಿಡಿಯೋಕೆ. ಹೊರಗಿನ ಚಕ್ರದ ಕಿಂಡಿಯೊಳಗೆ ತೂರಿಸಿದರೆ ವಾಲ್ವ್ ಯಾವ ಕಡೆ ಮುಖ ಮಾಡಿದ್ದರೂ ಸಿಗುತ್ತದೆ. ಕಂಪ್ರೆಸರ್ ಜೊತೆ ಬರೋ ತಿರುಗಿಸಿ ಕೂರಿಸೋ ಹಿತ್ತಾಳೆ ಮೂತಿ ಬೇಡ. ಬಿಚ್ಚುವಾಗ 80 ಪಿಎಸ್‌ಐ ಗಾಳಿ ಬುಸ್ ಅಂತ ಹೋಗುತ್ತಲೇ ಇರುತ್ತದೆ, ಹಿತ್ತಾಳೆ ಬೇರೆ ಕಾದು ಬೆರಳು ಇಡೋಕಾಗಲ್ಲ.

ಹಾಗೇ ವಾಲ್ವ್ ಕಾಂಡ ರಬ್ಬರಿನದಾ ಲೋಹದ್ದಾ ನೋಡಿ. ಕಾರಿನ ಮಾಮೂಲಿ ರಬ್ಬರ್ ವಾಲ್ವ್ 65 ಪಿಎಸ್‌ಐ ವರೆಗೆ ಮಾತ್ರ. 80ಕ್ಕೆ ಲೋಹದ್ದೇ ಇರಲಿ.

ಅಳೆಯೋದು ಬೆಳಿಗ್ಗೆ, ಗಾಡಿ ಹೊರಡೋ ಮೊದಲು. 80ರ ಟೈರಿಗೆ 10 ಡಿಗ್ರಿ ಬಿಸಿ ಏರಿದರೆ 3 ಪಿಎಸ್‌ಐ ಏರುತ್ತದೆ. ಓಡಿಸಿ ಬಂದು ನೋಡಿ, ಜಾಸ್ತಿ ಆಯಿತು ಅಂತ ಗಾಳಿ ಬಿಟ್ಟರೆ ಮರುದಿನ ಕಡಿಮೆ ಇರುತ್ತದೆ.

ಚಕ್ರದಮನೆ:

ಪರಿಚಯದವರೊಬ್ಬರಿಂದ ಲಾರಿ ಗೇಜ್ ತಂದು ಇವತ್ತು ಬೆಳಿಗ್ಗೆ ನೋಡಿದೆವು. ಮುಂದೆ 63, 64. ಹಿಂದೆ ಬಲಗಡೆ ಎರಡೂ 76. ಎಡಗಡೆ ಹೊರಗಿನದು 77, ಒಳಗಿನದು 58! ಮೊನ್ನೆ ಇದರಲ್ಲೇ ದೂರ ಹೋಗಿ ಬಂದಿದ್ದೇವೆ. ಹೊಸ ಕಂಪ್ರೆಸರ್ ಬಂದ ಕೂಡಲೇ ಮೊದಲು ಇದಕ್ಕೇ ಹೊಡೆಯಬೇಕು ಅಲ್ವಾ?

ಹಳೇಗಾಲಿ:

ಬೇಡ ಮೇಡಂ, ಆ ಟೈರಿಗೆ ಗಾಳಿ ಹೊಡೆಯಲೇಬೇಡಿ. ಇರಬೇಕಾದ ಒತ್ತಡದ 80 ಶೇಕಡಾಕ್ಕಿಂತ ಕೆಳಗೆ ಓಡಿದ್ದರೆ ಅದನ್ನು ಗಾಳಿಯಿಲ್ಲದೆ ಓಡಿದ ಟೈರು ಅಂತಲೇ ಲೆಕ್ಕ. ನಿಮಗೆ ಆ ಗೆರೆ 64. ಕಡಿಮೆ ಗಾಳಿಯಲ್ಲಿ ಓಡಿದಾಗ ಪಕ್ಕದ ಗೋಡೆ ಮಡಚಿ ಮಡಚಿ ಒಳಗಿನ ದಾರಗಳು ತುಂಡಾಗಿರಬಹುದು. ಹೊರಗೆ ಏನೂ ಕಾಣುವುದಿಲ್ಲ. ಮತ್ತೆ ಗಾಳಿ ತುಂಬುವಾಗ ಗೋಡೆ ಜಿಪ್ ಬಿಚ್ಚಿದ ಹಾಗೆ ಸೀಳಿ ಸಿಡಿಯುತ್ತದೆ. ಪಕ್ಕದಲ್ಲಿ ಕೂತವರ ಗತಿ ಹೇಳೋದು ಬೇಡ.

ಟೈರಿನವರನ್ನೇ ಗಾಡಿ ಇದ್ದಲ್ಲಿಗೆ ಕರೆಸಿ. ರಿಮ್ಮಿನಿಂದ ಬಿಚ್ಚಿ ಒಳಭಾಗ ನೋಡಲಿ. ಸರಿಯಿದ್ದರೆ ಕಬ್ಬಿಣದ ಪಂಜರದಲ್ಲಿಟ್ಟು ಅವರೇ ತುಂಬಲಿ. ಹೊರಗಿನ ಜೋಡಿ ಟೈರನ್ನೂ ಬಿಚ್ಚಿಸಿ ನೋಡಿಸಿ. ಒಳಗಿನದು ಸೋತಷ್ಟು ದಿನ ಅದರ ಭಾರವನ್ನೂ ಇದೇ ಹೊತ್ತಿದೆ. ಮಿಕ್ಕ ನಾಲ್ಕಕ್ಕೆ ನೀವೇ ಹೊಡೆದುಕೊಳ್ಳಿ, ಟೈರಿನ ಎದುರಿಗೆ ನಿಲ್ಲದೆ ಒಂದು ಬದಿಗೆ ನಿಂತು.

ಚಕ್ರದಮನೆ:

ಅಯ್ಯೋ, ಕೇಳಿದ್ದು ಒಳ್ಳೇದಾಯಿತು. ಫೋನ್ ಮಾಡಿದ್ದೇವೆ, ನಾಳೆ ಇಲ್ಲಿಗೇ ಬಂದು ಬಿಚ್ಚುತ್ತಾರಂತೆ. ಹಿಂದಿನ ನಾಲ್ಕೂ ವಾಲ್ವ್ ರಬ್ಬರಿನವೇ ಇವೆ, ಅವನ್ನೂ ಬದಲಾಯಿಸಿ ಅಂತ ಹೇಳಿದ್ದೇನೆ.