ಎಂಜಿನ್‌ಗೆ ಎಸೆದ ನಾಣ್ಯ: ಮನೆಯವರ ಗುಂಪಿನಲ್ಲಿ ನಡೆದ ಮಾತು

ಶ್ರೀಪಾದ ಚಿಕ್ಕಪ್ಪ: (ಫಾರ್ವರ್ಡ್) 2017ರಲ್ಲಿ ಚೀನಾದ ಶಾಂಘೈನಲ್ಲಿ 80 ವರ್ಷದ ಅಜ್ಜಿ ಪ್ರಯಾಣ ಸುಖವಾಗಿರಲಿ ಎಂದು ವಿಮಾನದ ಎಂಜಿನ್ ಕಡೆಗೆ 9 ನಾಣ್ಯ ಎಸೆದರು. ಎಲ್ಲರನ್ನೂ ಕೆಳಗಿಳಿಸಿದರು. ಅಜ್ಜಿಯನ್ನು ಪೊಲೀಸರು ಕರೆದೊಯ್ದರು.

ಶ್ರೀಪಾದ ಚಿಕ್ಕಪ್ಪ: ಪಾಪ, ವಯಸ್ಸಾದವರು. ರೈಲು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ನಾವೂ ಕಾವೇರಿಗೆ ಕಾಸು ಹಾಕುತ್ತೇವೆ, ಅಲ್ವಾ? ಇದಕ್ಕೆಲ್ಲ ಪೊಲೀಸರು ಯಾಕೆ?

ವಸುಧಾ ಅತ್ತೆ: ಹೌದು. ಅಷ್ಟು ದೊಡ್ಡ ಎಂಜಿನ್‌ಗೆ ಒಂದು ನಾಣ್ಯದಿಂದ ಏನಾಗುತ್ತದೆ?

ಮೇಘಾ: ಹಾಗನ್ನಬೇಡಿ ಅತ್ತೆ. ಒಂದು ನಾಣ್ಯ ಎಂಜಿನ್ ಒಳಗೇ ಸಿಕ್ಕಿತ್ತು. ಒಳಗಿನ ಬ್ಲೇಡುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಒಂದರ ಅಂಚು ಮುರಿದರೆ ಆ ಚೂರು ಹಿಂದಿನವಕ್ಕೆ ಬಡಿಯುತ್ತದೆ. ಅಜ್ಜಿಗೆ ಶಿಕ್ಷೆಯನ್ನೂ ಕೊಡಲಿಲ್ಲ, 70 ದಾಟಿದೆ ಅಂತ ಬಿಟ್ಟರು. ಫಾರ್ವರ್ಡ್‌ನಲ್ಲಿ ಅದೇ ಇಲ್ಲ.

ಶ್ರೀಪಾದ ಚಿಕ್ಕಪ್ಪ: ಹಕ್ಕಿ ಬಡಿದರೂ ಪೈಲಟ್‌ಗಳು ಇಳಿಸುತ್ತಾರೆ. ಸುಮ್ನೆ ಹೆದರಿಸಬೇಡ.

ಮೇಘಾ: ಎಷ್ಟೋ ಸಲ ಇಳಿಸುತ್ತಾರೆ. ಕಾಂಕಾರ್ಡ್ ಅಂತ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕರ ವಿಮಾನ ಇತ್ತು, ಅದನ್ನು ಇಳಿಸಲು ಆಗಲಿಲ್ಲ. 2000ದ ಜುಲೈ 25, ಪ್ಯಾರಿಸ್. ಮುಂಚೆ ಹಾರಿದ ಬೇರೆ ವಿಮಾನದಿಂದ ಕಳಚಿದ ಲೋಹದ ಪಟ್ಟಿ ರನ್‌ವೇ ಮೇಲೆ ಬಿದ್ದಿತ್ತು. ಒಂದೂವರೆ ಅಡಿ ಉದ್ದವೂ ಇಲ್ಲ. ಕಾಂಕಾರ್ಡ್‌ನ ಟೈರು ಅದರ ಮೇಲೆ ಹತ್ತಿ ಸಿಡಿಯಿತು. ನಾಲ್ಕೂವರೆ ಕಿಲೋ ತೂಕದ ರಬ್ಬರ್ ತುಂಡು ರೆಕ್ಕೆಯ ಅಡಿಗೆ ಬಡಿದು ಇಂಧನದ ಟ್ಯಾಂಕ್ ಒಡೆಯಿತು, ಬೆಂಕಿ ಹತ್ತಿತು. ವಿಮಾನದಲ್ಲಿದ್ದ 109 ಜನರೂ ಹೋದರು. ಅದು ಬಿದ್ದ ಹೋಟೆಲಿನಲ್ಲಿ ಇನ್ನೂ 4 ಜನ.

ವಸುಧಾ ಅತ್ತೆ: ಅಯ್ಯೋ ದೇವರೇ! ರನ್‌ವೇ ಯಾರೂ ನೋಡಿರಲಿಲ್ವಾ?

ಮೇಘಾ: ಆ ಇನ್ನೊಂದು ವಿಮಾನ ಹಾರಿ ಐದೇ ನಿಮಿಷ ಆಗಿತ್ತು. ಅಷ್ಟರಲ್ಲಿ ಯಾರು ನೋಡಬೇಕು? ಅದಕ್ಕೇ ಏನೂ ಬೀಳದ ಹಾಗೆ ನೋಡಿಕೊಳ್ಳಬೇಕು. ವಿಮಾನ ಬಂದು ನಿಲ್ಲುವ ಮುಂಚೆ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ನಾವು ಆ ಜಾಗದಲ್ಲೆಲ್ಲ ನೆಲ ನೋಡುತ್ತಾ ನಡೆಯುತ್ತೇವೆ. ಜಾಸ್ತಿ ಸಿಗುವುದು ಏನು ಗೊತ್ತಾ? ಸೂಟ್‌ಕೇಸಿನ ಚಕ್ರ, ಪುಟ್ಟ ಬೀಗ, ಜಿಪ್ಪಿನ ತುದಿ. ಎಲ್ಲ ನಮ್ಮಂಥ ಪ್ರಯಾಣಿಕರದ್ದೇ.

ಶ್ರೀಪಾದ ಚಿಕ್ಕಪ್ಪ: ಬ್ಯಾಗ್ ಎತ್ತಿ ಎಸೆಯುವ ಲೋಡರ್‌ಗಳಿಗೆ ಮೊದಲು ಹೇಳು.

ಮೇಘಾ: ಅವರಿಗೂ ಹೇಳುತ್ತೇವೆ. ಬಿಸಿಲಲ್ಲಿ ಬಗ್ಗಿ ಅದನ್ನೆಲ್ಲ ಹೆಕ್ಕುವವರೂ ಅವರೇ ಚಿಕ್ಕಪ್ಪ.

ವಸುಧಾ ಅತ್ತೆ: ನನ್ನ ನೀಲಿ ಸೂಟ್‌ಕೇಸಿನ ಒಂದು ಚಕ್ರ ಅಲ್ಲಾಡುತ್ತಿದೆ ಕಣೇ.

ಮೇಘಾ: ದೆಹಲಿಗೆ ಹೊರಡುವ ಮುಂಚೆ ರಿಪೇರಿ ಮಾಡಿಸಿ ಅತ್ತೆ. ಇಲ್ಲದಿದ್ದರೆ ನನ್ನದು ತಗೊಂಡು ಹೋಗಿ.

ಶ್ರೀಪಾದ ಚಿಕ್ಕಪ್ಪ: ಕಾಂಕಾರ್ಡ್ ವಿಷಯ ಒಪ್ಪಿದೆ. ಆದರೂ 80 ವರ್ಷದವರನ್ನು ಪೊಲೀಸರು ಕರೆದೊಯ್ಯಬಾರದಿತ್ತು. ಕೂರಿಸಿ ಹೇಳಿದ್ದರೆ ಸಾಕಿತ್ತು.