ಫೋನೇ ಚಾವಿ ಅಂತಾರ, ಅರ್ಥಿಂಗ್ ಎಲ್ಲದ?

ಗುಂಪು: ಮನಿ ಮಂದಿ (ಕಲಬುರಗಿ–ಬೀದರ್)

ಶಿವು (ಬೆಂಗಳೂರು), ಫಾರ್ವರ್ಡ್: “ಕಲ್ಯಾಣ ಕರ್ನಾಟಕದ ಜನತೆಗೆ ಸಿಹಿಸುದ್ದಿ!! ಹೊಸ ಸ್ಮಾರ್ಟ್ ಎಲೆಕ್ಟ್ರಿಕ್ ಸ್ಕೂಟರ್‌ಗೆ ಚಾವಿಯೇ ಬೇಡ, ನಿಮ್ಮ ಫೋನೇ ಚಾವಿ! ಕಳ್ಳರು ಮುಟ್ಟಲೂ ಸಾಧ್ಯವಿಲ್ಲ! ಮನೆಯಲ್ಲೇ 5 ನಿಮಿಷದಲ್ಲಿ ಫುಲ್ ಚಾರ್ಜ್! ಗೃಹಜ್ಯೋತಿ ಇದ್ದವರಿಗೆ ಓಡಿಸುವ ಖರ್ಚು ಸೊನ್ನೆ! 2030ಕ್ಕೆ ಕಲಬುರಗಿ–ಬೆಂಗಳೂರು ಹಾರುವ ಟ್ಯಾಕ್ಸಿ! ಸಬ್ಸಿಡಿಗಾಗಿ ಕೆಳಗಿನ ಆಪ್ ಇಳಿಸಿಕೊಳ್ಳಿ. 10 ಜನರಿಗೆ ಕಳುಹಿಸಿ.”

ಶಿವು: ಗಿರಿಜಾ ಅತ್ತಿ, ಗಾಡಿ ತೊಗೋಬೇಕು ಅಂದಿದ್ರಲ್ಲ, ಇದ ನೋಡ್ರಿ.

ಸುಮಾ (ಹೈದರಾಬಾದ್): ಅತ್ತಿ, ಆ ಲಿಂಕ್ ಮುಟ್ಟಬ್ಯಾಡ್ರಿ. ಕೊನಿಗಿ ‘ಎಪಿಕೆ’ ಅಂತ ಅದ, ಪ್ಲೇ ಸ್ಟೋರಿಂದು ಅಲ್ಲ ಅದು. ಇಂಥಾವು ಫೋನಿನ್ಯಾಗ ಕೂತ ಕೂಡ್ಲೆ ಎಸ್‌ಎಂಎಸ್ ಓದ್ಲಾಕ, ಆಕ್ಸೆಸಿಬಿಲಿಟಿ (ಪರದಿ ಮ್ಯಾಲಿಂದು ನೋಡಿ ತಾನೇ ಒತ್ತೋ ಹಕ್ಕು) ಆನ್ ಮಾಡ್ಲಾಕ ಪರವಾನಗಿ ಕೇಳ್ತಾವ. ಒಮ್ಮೆ ‘ಅಲೋ’ ಒತ್ತಿದ್ರ ಬ್ಯಾಂಕಿನ ಓಟಿಪಿ ಅವರ ಕೈಯಾಗ. ಸಬ್ಸಿಡಿಗಿ ಇಂಥಾ ಆಪ್ ಯಾವುದೂ ಬೇಕಾಗಿಲ್ಲ. ಕೇಂದ್ರದ ಸಬ್ಸಿಡಿ ಯೋಜನಾ ಫೇಮ್ ಇದ್ದಾಗೂ, 2024ರ ಅಕ್ಟೋಬರ್‌ನಾಗ ಪಿಎಂ ಇ-ಡ್ರೈವ್ ಶುರುವಾದ ಮ್ಯಾಲೂ ರಿಯಾಯಿತಿ ಷೋರೂಮಿನ ಬಿಲ್ಲಿನ್ಯಾಗೇ ಕಳದು ಬರ್ತಿತ್ತು.

ಗಿರಿಜಾ ಅತ್ತಿ: ನಾ ಒತ್ತಿಲ್ಲವ್ವ. ಯಾರರ ಒತ್ತಿಬಿಟ್ರ?

ಸುಮಾ: ಪೈಲೆ ಏರೋಪ್ಲೇನ್ ಮೋಡ್, ವೈಫೈ ಸೈತ ಬಂದ್. ಬ್ಯಾರೆ ಫೋನಿನಿಂದ ಬ್ಯಾಂಕಿಗಿ ಹೇಳಿ ಯುಪಿಐ, ನೆಟ್‌ಬ್ಯಾಂಕಿಂಗ್ ನಿಲ್ಲಸಬೇಕು. ರೊಕ್ಕ ಹೋಗಿದ್ರ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕ ಫೋನ್. ಆಮ್ಯಾಲ ಸೆಟ್ಟಿಂಗ್ಸ್‌ನಾಗ ‘ಡಿವೈಸ್ ಅಡ್ಮಿನ್’ ಪಟ್ಟಿಯಿಂದ ಅದನ್ನ ತಗದು, ನಂತರ ಅನ್‌ಇನ್‌ಸ್ಟಾಲ್. ಅಡ್ಮಿನ್ ಹಕ್ಕು ಇರೋತನ ಅದು ಹೋಗಂಗಿಲ್ಲ.

ಶಿವು: ಲಿಂಕ್ ಬಿಡ್ರಿ ಅಕ್ಕಾ, ನಾ ಕಳ್ಸಿದ್ದು ಗಾಡಿ ಸಲುವಾಗಿ. ಫೋನ್ ಚಾವಿ ಖರೇನೇ ಅದ. ಬ್ಲೂಟೂತ್‌ನಾಗ ಎನ್‌ಕ್ರಿಪ್ಷನ್ (ಗುಪ್ತ ಸಂಕೇತ) ಇರ್ತದ. ಲೋಖಂಡದ ಚಾವಿ ಆದ್ರ ಕಲಬುರಗಿ ಸೂಪರ್ ಮಾರ್ಕೆಟ್ ಬಜಾರ್‌ನಾಗ ಫುಟ್‌ಪಾತ್ ಮ್ಯಾಲ ಕೂತವ್ರೂ ಡೂಪ್ಲಿಕೇಟ್ ಮಾಡಿ ಕೊಡ್ತಾರ.

ಸುಮಾ: ಎನ್‌ಕ್ರಿಪ್ಷನ್ ಮುರೀಲಾಕ ಯಾರೂ ಕೂಡಂಗಿಲ್ಲ ತಮ್ಮಾ. ಒಬ್ಬ ಗಾಡಿ ಬಾಜೂಕ ನಿಂದ್ರತಾನ, ಇನ್ನೊಬ್ಬ ನಿನ್ನ ಫೋನ್ ಇರೋ ಖೋಲಿ ಗ್ವಾಡಿ ಹಿಂದ. ಇಬ್ಬರ ಕೈಯಾಗಿನ ಪೆಟ್ಟಿಗಿ ಸಿಗ್ನಲ್ಲು ಇಲ್ಲಿಂದಲ್ಲಿಗಿ ದಾಟಸ್ತಾವ, ಏನೂ ಬಿಡಸಂಗಿಲ್ಲ, ಓದಂಗಿಲ್ಲ. ಗಾಡಿಗಿ ಫೋನ್ ಸನೇಕ ಬಂತು ಅಂತ ಅನಸ್ತದ, ತೆರೀತದ. 2022ರ ಮೇ ತಿಂಗಳಾಗ ಬ್ರಿಟನ್ನಿನ ಸೈಬರ್ ಸುರಕ್ಷತಾ ಕಂಪನಿ ಎನ್‌ಸಿಸಿ ಗ್ರೂಪ್‌ನವರು ಟೆಸ್ಲಾ ಮಾಡೆಲ್ 3 ಕಾರಿನ ಮ್ಯಾಲ ಇದನ್ನ ಮಾಡಿ ತೋರಿಸ್ಯಾರ. ಅದಕ್ಕ ‘ಸನೇಕ ಬಂದ್ರ ತಾನೇ ಅನ್‌ಲಾಕ್’ ಅನ್ನೋದು ಬಂದ್ ಮಾಡಿ ಪಿನ್ ಇಡಬೇಕು. ಸಿಗ್ನಲ್ ಹೋಗಿ ಬರೋ ವ್ಯಾಳ್ಯಾ ಅಳೀತದಲ್ಲ, ಯುಡಬ್ಲ್ಯುಬಿ, ಅದಿದ್ರ ಈ ಮೋಸ ಭಾಳ ಕಷ್ಟ. ಖರೀದಿಗಿ ಮೊದಲ ಕೇಳೋ ಪ್ರಶ್ನೆ ಅದು, ಬಣ್ಣ ಅಲ್ಲ.

ವಿಜಿ ಮಾಮಾ (ಬೀದರ್): ಕಳ್ಳಗ ಅಷ್ಟು ವಿದ್ಯಾ ಯಾಕ ಬೇಕವ್ವ? ಸ್ಕೂಟರ್ ತೂಕ ನೂರಾ ಹತ್ತು ನೂರಾ ಇಪ್ಪತ್ತು ಕಿಲೋ. ನಾಕು ಮಂದಿ ಎತ್ತಿ ಟಂಟಂನ್ಯಾಗ ಹಾಕಿದ್ರ ಮುಗೀತು. ಅದಕ್ಕ ಸರಪಳಿನೇ ಮದ್ದು. 10 ಎಂಎಂ ಗಟ್ಟಿ ಉಕ್ಕಿನ ಸರಪಳಿ, ಹಿಂದಿನ ಗಾಲಿಯೊಳಗಿಂದ ತಗದು ಕಬ್ಬಿಣದ ಕಂಬಕ್ಕೋ ಗೇಟಿನ ಚೌಕಟ್ಟಿಗೋ ಹಾಕಬೇಕು. ಕೀಲಿ ನೆಲಕ್ಕ ಮುಟ್ಟಬಾರದು. ಮುಟ್ಟಿದ್ರ ಫರ್ಸಿ ಮ್ಯಾಲ ಇಟ್ಟು ಸುತ್ತಿಗಿಲಿಂದ ಎರಡು ಏಟು ಹಾಕಿ ತೆಗೀತಾರ. ಮುಂದಿನ ಗಾಲಿಗಿ ಡಿಸ್ಕ್ ಲಾಕ್ ಹಾಕಿದ್ರ ಹ್ಯಾಂಡಲ್ ತನಕ ಕೇಸರಿ ದಾರ ಕಟ್ರಿ, ಇಲ್ದಿದ್ರ ಮರತು ಗಾಡಿ ಬಿಟ್ಟು ಮಾರಿ ಮ್ಯಾಲ ಬೀಳ್ತಾರ.

ಶಿವು: ಎತ್ತಿಕೊಂಡು ಹೋದ್ರ ಜಿಪಿಎಸ್ ಅದಲ್ಲ ಮಾಮಾ.

ವಿಜಿ ಮಾಮಾ: ಅದ. ಒಳಗ ಸಿಮ್ ಅದ, ಆ ಸಿಮ್ಮಿಗಿ ಡೇಟಾ ಬೇಕು, ಡೇಟಾಕ್ಕ ಕಂಪನಿ ವರ್ಷಾ ವರ್ಷಾ ರೊಕ್ಕ ಕೇಳ್ತದ. ಮೊದಲ ಕೆಲವು ದಿನ ಪುಕ್ಕಟ ಅಂತ ಬ್ರೋಷರಿನ ಕೊನೀ ಪಾನಿಗಿ ಸಣ್ಣ ಅಕ್ಷರದಾಗ ಬರದಿರ್ತಾರ. ಮ್ಯಾಪಿನ ಮ್ಯಾಲ ಕಾಣೋದೂ ಕಡೀ ಸಲ ನೆಟ್‌ವರ್ಕ್ ಸಿಕ್ಕ ಜಾಗಾ. ಪೊಲೀಸ್ರಿಗಿ ತೋರ್ಸಲಾಕ ಬರ್ತದ, ತಡೀಲಾಕ ಬರಂಗಿಲ್ಲ.

ಸುಮಾ: ನೆದರ್ಲೆಂಡ್ಸ್‌ನ ವ್ಯಾನ್‌ಮೂಫ್ ಅಂತ ದುಬಾರಿ ಎಲೆಕ್ಟ್ರಿಕ್ ಸೈಕಲ್ ಕಂಪನಿ 2023ರ ಜುಲೈನಾಗ ದಿವಾಳಿ ಆಯ್ತು. ಸೈಕಲ್ಲಿನ ಕೀಲಿ ಆಪಿನ್ಯಾಗ, ಆಪು ಕಂಪನಿ ಸರ್ವರಿನ್ಯಾಗ. ಸರ್ವರ್ ನಿಲ್ಲೋದ್ರೊಳಗ ಡಿಜಿಟಲ್ ಚಾವಿ ಫೋನಿಗಿ ಇಳಿಸ್ಕೋಳ್ಲಾಕ ಮಂದಿ ಓಡಾಡಿದ್ರು. ಅದಕ್ಕೊಂದು ಆಪ್ ಮಾಡಿ ಕೊಟ್ಟವರು ಯಾರು ಗೊತ್ತೇನು, ಎದುರಾಳಿ ಕಂಪನಿ ಕೌಬಾಯ್. ಇಲ್ಲಿ ಒಂದೆರಡು ವರ್ಷದ ಹುಟ್ಟಿನ ಕಂಪನಿ ಗಾಡಿ ತೊಗೊಳ್ಳೋರು ಒಂದೇ ಕೇಳಬೇಕು: ಇಂಟರ್ನೆಟ್ ಇಲ್ದೆ, ಫೋನ್ ಇಲ್ದೆ ಗಾಡಿ ಚಾಲೂ ಆಯ್ತದೋ ಇಲ್ಲೋ? ಷೋರೂಮಿನ್ಯಾಗೇ ಫೋನ್ ಸ್ವಿಚ್ ಆಫ್ ಮಾಡಿ ಚಾಲೂ ಮಾಡಿಸಿ ನೋಡಬೇಕು.

ಸುಮಾ: ಇನ್ನ ಸೆಕೆಂಡ್ ಹ್ಯಾಂಡ್ ಆದ್ರ, ಆರ್‌ಸಿ ಹೆಸರು ಬದಲಾದ್ರೂ ಆಪಿನ್ಯಾಗ ಹಳೇ ಮಾಲಕನೇ ಉಳೀತಾನ. ಗಾಡಿ ಎಲ್ಲದ ಅಂತ ಅವ ನೋಡ್ಕೋತ ಕೂಡಬಹುದು, ಲಾಕೂ ಮಾಡಬಹುದು. ರೊಕ್ಕ ಕೊಡೋಕಿಂತ ಮೊದಲ, ಮಾರೋನ ಎದುರಿಗೇ ಅಕೌಂಟ್ ವರ್ಗಾ ಆಗಬೇಕು, ಹಳೇ ಫೋನು, ಕಾರ್ಡು ಎಲ್ಲಾ ಪಟ್ಟಿಯಿಂದ ಅಳಸಬೇಕು.

ಬಸು ಕಾಕಾ (ಕಲಬುರಗಿ): ಮುಂಜಾನಿಂದ ಚಾವಿ ಚಾವಿ ಅಂತ ಹೊಡದಾಡ್ಲಾಕತ್ತೀರಿ. ‘5 ನಿಮಿಷದಾಗ ಫುಲ್’ ಅನ್ನೋದರ ಲೆಕ್ಕ ಒಬ್ಬರೂ ಮಾಡಲಿಲ್ಲ. 3 ಕಿಲೋವ್ಯಾಟ್ ಅವರ್ ಬ್ಯಾಟ್ರಿ 5 ನಿಮಿಷದಾಗ ತುಂಬಬೇಕಾದ್ರ 36 ಕಿಲೋವ್ಯಾಟ್ ಬೇಕು. ಸಿಂಗಲ್ ಫೇಸ್ 230 ವೋಲ್ಟಿಗಿ 156 ಆಂಪ್. ನಿಮ್ಮ ಮನಿ ಮೀಟರ್ ಬಾಜೂಕ ಇರೋ ಮೇನ್ ಸ್ವಿಚ್ 32 ಆಂಪಿಂದು, ಮಂಜೂರಾದ ಲೋಡ್ 2-3 ಕಿಲೋವ್ಯಾಟ್. ಗಾಡಿ ಜೋಡಿ ಕೊಡೋ ಚಾರ್ಜರ್ 750 ವ್ಯಾಟ್ ಆಜೂಬಾಜೂ. ಅದಕ್ಕ ನಾಕೂವರಿ ಐದು ತಾಸು. ಹಚ್ಚಿ ಮಲಗೋದೇ ದಾರಿ.

ಶಿವು: ಸರಿ ಕಾಕಾ, 5 ನಿಮಿಷ ಸುಳ್ಳು. ರಾತ್ರಿ ಹಚ್ಚಿದ್ರಾಯ್ತಲ್ಲ, ಅದ್ರಾಗೇನದ?

ಬಸು ಕಾಕಾ: ಯಾವುದಕ್ಕ ಹಚ್ತಿ ಅನ್ನೋದ್ರಾಗ ಅದ. ಹಳೇ ಮನಿಗಳಾಗ ಮೂರು ತೂತಿನ ಸಾಕೆಟ್ ಇರ್ತದ, ಮ್ಯಾಲಿನ ತೂತು ಅರ್ಥಿಂದು, ಅಂದ್ರ ಸೋರಿದ ಕರೆಂಟ್ ನೆಲಕ್ಕ ಒಯ್ಯೋದು, ಅದಕ್ಕ ವೈರೇ ಇರಂಗಿಲ್ಲ. ಚಾರ್ಜರ್ ಒಳಗ ಫಿಲ್ಟರ್ ಕೆಪಾಸಿಟರ್ ಇರ್ತಾವ, ಅರ್ಥ್ ಇಲ್ಲಂದ್ರ ಅದರ ಲೋಖಂಡದ ಮೈ 110 ವೋಲ್ಟ್ ಆಸುಪಾಸು ತೇಲ್ತದ. ಮುಟ್ಟಿದ್ರ ಜುಮ್ ಅಂತದ. ಆ ಜುಮ್ ಕೊಲ್ಲಂಗಿಲ್ಲ, ಆದ್ರ ‘ಇಲ್ಲಿ ಅರ್ಥ್ ಇಲ್ಲ’ ಅಂತ ಹೇಳ್ತದ. ಒಳಗ ಇನ್ಸುಲೇಷನ್ ಹೋದ ದಿನ ಅದೇ ಮೈಗಿ ಪೂರಾ 230 ಬರ್ತದ.

ಶಿವು: ಫ್ರಿಜ್, ವಾಷಿಂಗ್ ಮಷೀನ್ ಅದೇ ಸಾಕೆಟ್‌ನಾಗ ಇಷ್ಟು ವರ್ಷ ನಡದಾವಲ್ಲ.

ಬಸು ಕಾಕಾ: ನಡದಾವ, ಒಳಗಿನ ಒಣ ನೆಲದ ಮ್ಯಾಲ. ಗಾಡಿ ಅಂಗಳದಾಗ ಹಸಿ ನೆಲದ ಮ್ಯಾಲ ನಿಂತಿರ್ತದ, ಮುಟ್ಟೋರು ಬರಿಗಾಲಿನ್ಯಾಗ ಇರ್ತಾರ.

ಬಸು ಕಾಕಾ: ಗಿರಿಜಾ, ಕೇಳು. ಇಲ್ಲಿ ಎಲೆಕ್ಟ್ರಿಷಿಯನ್ ಮಂದಿ ಒಂದು ಕಳ್ಳ ಕೆಲಸ ಮಾಡ್ತಾರ. ಅರ್ಥ್ ಕೇಳಿದ್ರ ಸಾಕೆಟ್ ಒಳಗೇ ನ್ಯೂಟ್ರಲ್ಲಿಂದ (ಕರೆಂಟ್ ವಾಪಸ್ ಹೋಗೋ ವೈರಿಂದ) ಅರ್ಥ್ ಪಿನ್ನಿಗಿ ಒಂದು ತುಂಡು ವೈರ್ ಹಾಕಿ ‘ಬಂತು ನೋಡ್ರಿ ಅರ್ಥಿಂಗ್’ ಅಂತಾರ. ಟೆಸ್ಟ್ ಲ್ಯಾಂಪ್ ಛಂದ ಉರೀತದ. ಹೊರಗ ನ್ಯೂಟ್ರಲ್ ಕಡೀತೋ, ಮನ್ಯಾಗಿನ ಲೋಡಿನೊಳಗಿಂದ ಕರೆಂಟ್ ಸೀದಾ ಗಾಡಿ ಮೈಗಿ. ಇದಕ್ಕಿಂತ ಅರ್ಥ್ ಇಲ್ಲದ ಸಾಕೆಟ್ಟೇ ವಾಸಿ.

ಬಸು ಕಾಕಾ: ಹಿಡಿಯೋದು ಹ್ಯಾಂಗಂದ್ರ, ಮನಿಗಿ ಪೈಲೆ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೋ ಸ್ವಿಚ್) ಹಾಕಸು. ಲೈಸೆನ್ಸ್ ಇದ್ದವನ ಕೈಲಿಂದ 100 ವ್ಯಾಟ್ ಬಲ್ಬ್ ಫೇಸ್ ಮತ್ತು ಅರ್ಥ್ ಪಿನ್ನಿನ ನಡು ಹಚ್ಚಸು. ಆರ್‌ಸಿಸಿಬಿ ಟಕ್ ಅಂತ ಬಿದ್ರ ಅರ್ಥ್ ಖರೇ. ಬಲ್ಬ್ ಉರಕೋತ ನಿಂತ್ರ ಅದು ನ್ಯೂಟ್ರಲ್ ಜಂಪ್, ಸಾಕೆಟ್ ಬಿಚ್ಚು ಅನ್ನು. ಆರ್‌ಸಿಸಿಬಿ ಮ್ಯಾಲಿನ ‘ಟೆಸ್ಟ್’ ಬಟನ್ ಒತ್ತಿ ‘ಅರ್ಥ್ ಸರಿ ಅದ’ ಅಂದ್ರ ನಂಬಬ್ಯಾಡ. ಆ ಬಟನ್ ಒಳಗಿನ ಮಷೀನ್ ಅಷ್ಟೇ ನೋಡ್ತದ, ಅರ್ಥ್ ಕಿತ್ತು ಹೋಗಿದ್ರೂ ಬೀಳ್ತದ.

ವಿಜಿ ಮಾಮಾ: ಬಸಣ್ಣಾರ, ಅರ್ಥ್ ಗುಂಡಿ ಬ್ಯಾಸಿಗ್ಯಾಗ ಕೆಲಸ ಮಾಡ್ತದೇನ್ರಿ? ನಮ್ಮ ಕಡಿ ಕೆಂಪು ಮಣ್ಣು, ನಿಮ್ಮದು ಪೂರಾ ಎರಿ.

ಬಸು ಕಾಕಾ: ಛಲೋ ಕೇಳಿದ್ರಿ. ಹಸಿ ಎರಿ ಮಣ್ಣಿನಷ್ಟು ಒಳ್ಳೆ ಅರ್ಥ್ ಮತ್ತೊಂದಿಲ್ಲ. ಏಪ್ರಿಲ್ ಬಂತಂದ್ರ ಬಿರಕು ಬಿಡ್ತದ, ಪೈಪ್ ಬಿಟ್ಟು ಹಿಂದ ಸರೀತದ, ಓಮ್ (ಕರೆಂಟಿಗಿ ಬರೋ ತಡಿ ಅಳತಿ) ಏರ್ತದ. ಎರಡೂವರಿ ಮೀಟರ್ 40 ಎಂಎಂ ಜಿಐ ಪೈಪ್, ಸುತ್ತ ಇದ್ದಲಿ ಉಪ್ಪು, ಮ್ಯಾಲ ಫನಲ್ ಇಟ್ಟು ಬ್ಯಾಸಿಗ್ಯಾಗ ವಾರಕ್ಕೆರಡು ಕೊಡ ನೀರು. ಸೇಡಂ, ಶಹಾಬಾದ್ ಕಡಿ ಮೂರು ಫೂಟಿಗೇ ಕಲ್ಲು ಹತ್ತಿದ್ರ ಪೈಪ್ ಅಡ್ಡ ಮಲಗಸ್ತಾರ, ನಡೀತದ. ಆರ್‌ಸಿಸಿಬಿ ಯಾಕ ಕಡ್ಡಾಯ ಅಂದ್ರ, ಅರ್ಥ್ 50 ಓಮ್‌ಗಿ ಏರಿದ್ರ ಹರಿಯೋದು 4.6 ಆಂಪ್ ಅಷ್ಟೇ. 16 ಆಂಪ್ ಎಂಸಿಬಿ (ಲೋಡ್ ಹೆಚ್ಚಾದ್ರ ಬೀಳೋ ಸ್ವಿಚ್) ಅದಕ್ಕ ಕಣ್ಣು ಸೈತ ಮಿಟುಕಸಂಗಿಲ್ಲ. ಆರ್‌ಸಿಸಿಬಿ 30 ಮಿಲಿಗೇ ಬೀಳ್ತದ.

ಗಿರಿಜಾ ಅತ್ತಿ: ಅಣ್ಣಾ, ಎಕ್ಸ್‌ಟೆನ್ಷನ್ ಬಾಕ್ಸ್ ಎಳದ್ರ? ಅಂಗಳದಾಗ ಸಾಕೆಟ್ ಇಲ್ಲ.

ಬಸು ಕಾಕಾ: ಬ್ಯಾಡ. ಅಂಗಳಕ್ಕ 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ವೈರ್ ಎಳದು, 16 ಆಂಪ್ ಸಾಕೆಟ್ ಮಳಿ ಬೀಳದಂಥ ಮುಚ್ಚಳದ ಪೆಟ್ಟಿಗ್ಯಾಗ ಕೂಡಸು. ಅರ್ಧಾ ದಿನದ ಕೆಲಸ.

ವಿಜಿ ಮಾಮಾ: ಇನ್ನ ಬಿಸಿಲಿಂದು ನಾ ಹೇಳ್ತೀನಿ. ಲಿಥಿಯಂ ಸೆಲ್ ಓಡಸೋವಾಗ ಬಿಸಿ ತಡಕೋತದ, ಚಾರ್ಜ್ ಆಗೋವಾಗ ಸೆಲ್ 45 ಡಿಗ್ರಿ ದಾಟಬಾರದು. ಮೇ ತಿಂಗಳಾಗ ನಮ್ಮಲ್ಲಿ ಹೊರಗಿನ ಗಾಳಿನೇ 42-43. ಮಧ್ಯಾಹ್ನ ಬಂದು ತಗಡಿನ ಶೆಡ್ಡಿನ್ಯಾಗ ಹಚ್ಚಿದ್ರ ಬಿಎಂಎಸ್ (ಬ್ಯಾಟ್ರಿ ಕಾಯೋ ಸರ್ಕ್ಯೂಟ್) ಚಾರ್ಜ್ ನಿಲ್ಲಸ್ತದ. ಮಂದಿ ‘ಚಾರ್ಜರ್ ಕೆಟ್ಟದ’ ಅಂತ ಸರ್ವಿಸ್ ಸೆಂಟರಿಗಿ ಓಡ್ತಾರ. ಒಂದೆರಡು ತಾಸು ನೆರಳಿಗಿ ನಿಲ್ಲಸಿ, ರಾತ್ರಿ ಹನ್ನೊಂದರ ಮ್ಯಾಲ ಹಚ್ಚಬೇಕು.

ವಿಜಿ ಮಾಮಾ: 2022ರ ಬ್ಯಾಸಿಗ್ಯಾಗ ದೇಶದ ತುಂಬ ಸ್ಕೂಟರ್ ಹತ್ತಿ ಉರದ ಮ್ಯಾಲ ಬ್ಯಾಟ್ರಿ ಸುರಕ್ಷತಾದ ಎಐಎಸ್-156 ನಿಯಮ ಬಿಗಿ ಮಾಡಿದ್ರು. ಒಂದು ಹಂತ 2022ರ ಡಿಸೆಂಬರ್ 1ಕ್ಕ, ಇನ್ನೊಂದು 2023ರ ಮಾರ್ಚ್ 31ಕ್ಕ. ‘ಸೆಕೆಂಡ್ ಹ್ಯಾಂಡ್ ಅಗ್ಗ ಸಿಗ್ತದ’ ಅಂದ್ರ ಪ್ಲೇಟಿನ ಮ್ಯಾಲ ತಯಾರಾದ ತಿಂಗಳು ನೋಡು, ಅದಕ್ಕಿಂತ ಹಿಂದಿಂದು ಬಿಟ್ಟುಬಿಡು. ಸೆಲ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಇದ್ರ ಛಲೋ. ತೂಕ ಜಾಸ್ತಿ ಖರೇ, ಆದ್ರ ಲಗೂನ ಬೆಂಕಿ ಹಿಡಿಯಂಗಿಲ್ಲ. ಅದರ ವೋಲ್ಟೇಜ್ ನಡು ಪೂರಾ ಸಪಾಟ, ಹಿಂಗಾಗಿ ಮೀಟರಿನ್ಯಾಗ 30% ತೋರಸ್ಕೋತ ಇದ್ದದ್ದು ಒಮ್ಮೆಲೆ 10ಕ್ಕ ಬೀಳ್ತದ. ವಾರಕ್ಕೊಮ್ಮೆ ಪೂರಾ 100 ಮಾಡಿದ್ರ ಲೆಕ್ಕ ಸರಿ ಕೂಡ್ತದ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್) ಆದ್ರ ಉಲ್ಟಾ, ದಿನಾ 80ಕ್ಕ ನಿಲ್ಲಸು.

ಶಿವು: ಎಲ್ಲಾರೂ ಸೇರಿ ಬ್ಯಾಡ ಅನಸಲಾಕತ್ತೀರಿ. ಹಿಂಗಾದ್ರ ಹೊಸದು ಯಾವುದೂ ಬರಂಗಿಲ್ಲ ನಮ್ಮ ಊರಿಗಿ. ಹಾರುವ ಟ್ಯಾಕ್ಸಿ, ಡ್ರೈವರ್ ಇಲ್ಲದ ಕಾರು ಬಂದಾಗೂ ಹಿಂಗೇ ಅಂತೀರಿ.

ಸುಮಾ: ಹಾರುವ ಟ್ಯಾಕ್ಸಿ ಮಾಡೋ ಜರ್ಮನಿಯ ಲಿಲಿಯಂ 2024ರ ಅಕ್ಟೋಬರ್‌ನಾಗ, ವೋಲೋಕಾಪ್ಟರ್ ಡಿಸೆಂಬರ್‌ನಾಗ ದಿವಾಳಿ ಅರ್ಜಿ ಹಾಕಿದ್ವು. ಬೆಂಗಳೂರು ಏರ್‌ಪೋರ್ಟಿನವರು 2020ರಾಗ ಯಾರ ಜೋಡಿ ಹೈಪರ್‌ಲೂಪ್ (ಕೊಳವಿ ಒಳಗ ಓಡೋ ಗಾಡಿ) ಅಧ್ಯಯನಕ್ಕ ಸಹಿ ಹಾಕಿದ್ರೋ ಆ ಕಂಪನಿ 2023ರ ಕೊನಿಗಿ ಬಾಗಲಾ ಹಾಕ್ತು.

ವಿಜಿ ಮಾಮಾ: ಡ್ರೈವರ್ ಇಲ್ಲದ ಕಾರು ಹುಮನಾಬಾದ್ ರಸ್ತಿಗಿ ಕಬ್ಬಿನ ಹಂಗಾಮಿನ್ಯಾಗ ಬರ್ಲಿ. ಹಿಂದ ಲೈಟಿಲ್ಲದ ಎರಡೆರಡು ಟ್ರ್ಯಾಲಿ, ಮುಂದ ರಸ್ತಿ ಮ್ಯಾಲೇ ಹರವಿದ ತೊಗರಿ. ಈಗಿನ ಕಾರಿನ ರಾಡಾರ್ ನಿಂತ ವಸ್ತು ಭಾಳ ಸಲ ಲೆಕ್ಕಕ್ಕೇ ಹಿಡಿಯಂಗಿಲ್ಲ. ಹಿಡಿದ್ರ ಪ್ರತಿ ಕಂಬಕ್ಕೂ ಬ್ರೇಕ್ ಹೊಡಿಬೇಕಾಯ್ತದ.

ಬಸು ಕಾಕಾ: ಶಿವ್ಯಾ, ಬ್ಯಾಡ ಅಂತ ಯಾರಂದ್ರು? ಗಿರಿಜಾಗ ಸಾಲಿಗಿ ಹೋಗಿ ಬಂದು 40 ಕಿ.ಮೀ. 3 ಕಿಲೋವ್ಯಾಟ್ ಅವರ್ ಗಾಡಿ ಕಂಪನಿ ಹೇಳಿದ್ದು ಎಷ್ಟರ ಇರ್ಲಿ, ಖರೇ 80-90 ಓಡ್ತದ. ಸಾಕು. ಕಿ.ಮೀ.ಗಿ 30 ವ್ಯಾಟ್ ಅವರ್, ಚಾರ್ಜರ್ ತಿನ್ನೋದು ಸೇರಿ 35. ತಿಂಗಳಿಗಿ 24 ದಿನ ಅಂದ್ರ 34 ಯುನಿಟ್, 200 ರೂಪಾಯಿ ಆಜೂಬಾಜೂ. ಪೆಟ್ರೋಲ್ ಗಾಡಿ ಲೀಟರಿಗಿ 50 ಕೊಟ್ರೂ 19 ಲೀಟರ್, ಎರಡು ಸಾವಿರದ ಸನೇಕ. ಗಾಡಿ ತೊಗೊ. ಟಚ್ ಸ್ಕ್ರೀನಿನ ದೊಡ್ಡ ಮಾಡೆಲ್ ಬ್ಯಾಡ, ಚಾವಿ ಇದ್ದದ್ದು ತೊಗೊ, ಉಳದ ರೊಕ್ಕ ಅರ್ಥಿಂಗಿಗಿ ಹಾಕು.

ಶಿವು: ಮತ್ತ ಆ 34 ಯುನಿಟ್ಟೂ ಗೃಹಜ್ಯೋತಿದಾಗ ಫ್ರೀ ಅಲ್ಲ?

ಬಸು ಕಾಕಾ: ಅಲ್ಲ. ಫ್ರೀ ಇರೋದು 2022-23ರ ನಿನ್ನ ಸರಾಸರಿ ಮತ್ತು ಅದರ ಮ್ಯಾಲ 10%. ಅದು ದಾಟಿದ್ರ ದಾಟಿದಷ್ಟಕ್ಕ ರೊಕ್ಕ. 200 ದಾಟಿತೋ ಆ ತಿಂಗಳು ಪೂರಾ ಬಿಲ್, ಫಿಕ್ಸೆಡ್ ಚಾರ್ಜ್ ಸಮೇತ. ಗಿರಿಜಾ, ಬಿಲ್ಲಿನ್ಯಾಗ ಅರ್ಹ ಯುನಿಟ್ ಎಷ್ಟದ ಹೇಳು.

ಗಿರಿಜಾ ಅತ್ತಿ: 121 ಅದ ಅಣ್ಣಾ. ಮೇದಾಗ ಕೂಲರ್ ಹಚ್ಚಿ 187 ಬಂದದ.

ಬಸು ಕಾಕಾ: 187ಕ್ಕ 34 ಕೂಡಿದ್ರ 221. ಗಾಡಿ ಇಲ್ಲದಾಗ 66 ಯುನಿಟ್ಟಿಗಿ ಕಟ್ಟತಿದ್ದಿ, ಗಾಡಿ ಬಂದ್ರ 221ಕ್ಕೂ ಕಟ್ಟಬೇಕು. ಪೆಟ್ರೋಲಿಂದು ಉಳಿಸಿದ್ರಾಗ ಅರ್ಧಾಕ್ಕಿಂತ ಹೆಚ್ಚು ಕರೆಂಟ್ ಕಂಪನಿ ಜೆಸ್ಕಾಂಗಿ ಹೋಯ್ತದ.

ಗಿರಿಜಾ ಅತ್ತಿ: ಮೇದಾಗ ಸಾಲಿನೇ ಇರಂಗಿಲ್ಲಲ್ಲ.

ಬಸು ಕಾಕಾ: ಹಾಂ, ರಜಾ ಇರ್ತದ. ಹಂಗಾದ್ರ ನೋಡಬೇಕಾದ್ದು ಮಾರ್ಚ್, ಜೂನ್ ಬಿಲ್ಲು. ಆ ಎರಡರ ಫೋಟೋ ಹಾಕು. ರಜಾದಾಗ ಗಾಡಿ ನಿಂದ್ರೋದಾದ್ರ ಫುಲ್ ಮಾಡಿ ಬಿಡಬ್ಯಾಡ, 50-60ಕ್ಕ ನಿಲ್ಲಸಿ ನೆರಳಿನ್ಯಾಗ ಇಡು.