‘ಥರ್ಮಲ್ ಸ್ಟೆಬಿಲಿಟಿ’ಗೆ ‘ಕಾವುತಾಳಿಕೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳು ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದಾಳೆ, ಅವಳ ಪ್ರಾಜೆಕ್ಟಿನ ಸಾರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಷಿಫ್ ಬೇಸ್ ಆಲಿಗೊಮರ್‌ಗಳು ಮತ್ತು ಅವುಗಳ ಲೋಹ ಸಂಕೀರ್ಣಗಳು, ಅಂದರೆ ಅವು ಲೋಹವನ್ನು ಹಿಡಿದುಕೊಂಡ ರೂಪಗಳು. ಬೇಸ್‌ಗೆ ಶಾಲೆ ಪುಸ್ತಕದ ‘ಪ್ರತ್ಯಾಮ್ಲ’ ಇದೆ, ಆದರೆ 1864ರಲ್ಲಿ ಹ್ಯೂಗೊ ಷಿಫ್ ವಿವರಿಸಿದ ಈ ವಸ್ತುವಿಗೆ ‘ಷಿಫ್ ಬೇಸ್’ ಅನ್ನೋದು ಹೆಸರೇ ಆಗಿರುವುದರಿಂದ ಹಾಗೇ ಉಳಿಸಿಕೊಂಡಿದ್ದೇನೆ. ಆಲಿಗೊಮರ್‌ಗೆ ‘ಕಿರುಸರಪಳಿ’ ಸಾಕು ಅನಿಸಿತು, ಪಾಲಿಮರ್‌ನಷ್ಟು ಉದ್ದ ಇಲ್ಲದೆ ಕೆಲವೇ ಘಟಕಗಳು ಜೋಡಿಕೊಂಡ ಅಣು ಅದು.

ತಯಾರಿ ಬರೆಯುವುದು ಕಷ್ಟವಾಗಲಿಲ್ಲ. ಆಲ್ಡಿಹೈಡ್, ಅಮೀನ್ ಎರಡೂ ಕೂಡುತ್ತವೆ, ನೀರು ಹೊರಬೀಳುತ್ತದೆ, ಕಾರ್ಬನ್ನಿಗೂ ನೈಟ್ರೋಜನ್ನಿಗೂ ಜೋಡಿ ಬಂಧ ಬೀಳುತ್ತದೆ, ಅದೇ ಷಿಫ್ ಬೇಸ್. ಸ್ಯಾಲಿಸಿಲಾಲ್ಡಿಹೈಡನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಎಥಿಲೀನ್ ಡೈಅಮೀನ್ ಹಾಕಿದರೆ ಕಣ್ಣೆದುರೇ ಹಳದಿ ಹರಳು ಕೂರುತ್ತದೆ, ಅದು ತಾಮ್ರವನ್ನು ಹಿಡಿದರೆ ಹಸಿರಾಗುತ್ತದೆ. ಫೀನಾಲ್ ಇರುವ ಷಿಫ್ ಬೇಸನ್ನು ಕ್ಷಾರದಲ್ಲಿ ಕರಗಿಸಿ, ಸೋಡಿಯಂ ಹೈಪೋಕ್ಲೋರೈಟ್ ಹಾಕಿ ಬಿಸಿ ಮಾಡಿದರೆ ಕಿರುಸರಪಳಿ ಬೆಳೆಯುತ್ತದೆ.

ಸಿಕ್ಕಿಕೊಂಡಿದ್ದು ‘ಥರ್ಮಲ್ ಸ್ಟೆಬಿಲಿಟಿ’ಯಲ್ಲಿ, ಅಂದರೆ ಕಾಯಿಸಿದಾಗ ವಸ್ತು ಒಡೆಯದೆ ತಾಳುವ ಗುಣ. ರಾಯಚೂರಿನಲ್ಲಿ ಬರೀ ‘ಥರ್ಮಲ್’ ಅಂದರೆ ಶಕ್ತಿನಗರದ ವಿದ್ಯುತ್ ಸ್ಥಾವರವೇ ನೆನಪಾಗುತ್ತದೆ, ಹಾಗಾಗಿ ಅದನ್ನು ಬಿಟ್ಟೆ. ‘ಉಷ್ಣಸ್ಥಿರತೆ’ ಓದಿದರೆ ಉಷ್ಣತೆ ಏರದೆ ಇಳಿಯದೆ ಒಂದೇ ಸಮ ಇದೆ ಅಂತ ತಿಳಿಯುವವರೇ ಜಾಸ್ತಿ. ನಮ್ಮ ಕಡೆ ‘ಈ ಗಡಿಗೆ ಬೆಂಕಿ ತಡೀತದ’ ಅಂತೀವಲ್ವಾ, ಅದರಿಂದ ‘ಕಾವುತಡೆ’ ಮಾಡೋಣವೆಂದರೆ ಶಾಖ ದಾಟದಂತೆ ಅಡ್ಡಗಟ್ಟುವುದು ಅನ್ನೋ ಅರ್ಥ ಬಂದುಬಿಡುತ್ತದೆ, ಅದು ಬೇರೆಯೇ ಗುಣ. ‘ತಾಳಿಕೆ’ಗೆ ಈ ತೊಡಕಿಲ್ಲ.

ಇನ್ನೊಂದು ತೊಡಕಿದೆ. ಈ ಗುಣವನ್ನು ಅಳೆಯುವ ಪರೀಕ್ಷೆಯಲ್ಲಿ ಕೆಲವೇ ಮಿಲಿಗ್ರಾಂ ಪುಡಿಯನ್ನು ಪುಟ್ಟ ಬಟ್ಟಲಲ್ಲಿ ಇಟ್ಟು, ಸಾಮಾನ್ಯವಾಗಿ ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸುತ್ತಾ ತೂಕ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಹರಳಿನ ಸಂದಿಯಲ್ಲಿರುವ ನೀರು ಮೊದಲು ಹೋಗುತ್ತದೆ, ಲೋಹಕ್ಕೇ ಅಂಟಿದ ನೀರು ಆಮೇಲೆ, ನಂತರ ಅಣುವೇ ಒಡೆಯುತ್ತದೆ. ಗಾಳಿಯಲ್ಲಿ ಕಾಯಿಸಿದರೆ ಕೊನೆಗೆ ಉಳಿಯುವುದು ಹೆಚ್ಚಾಗಿ ಲೋಹದ ಆಕ್ಸೈಡ್. ಲೋಹ ಸಂಕೀರ್ಣದಲ್ಲಿ ಜಾಸ್ತಿ ಉಳಿಯಿತು ಅಂದ ಮಾತ್ರಕ್ಕೆ ಅದು ಜಾಸ್ತಿ ತಾಳಿತು ಅಂತಲ್ಲ. ಕೆಲವು ಸಲ ಲೋಹವೇ ಒಡೆಯುವುದನ್ನು ಚುರುಕು ಮಾಡಿ, ಲೋಹ ಇಲ್ಲದ ಕಿರುಸರಪಳಿಗಿಂತ ಮೊದಲೇ ಸಂಕೀರ್ಣ ಒಡೆಯಲು ಶುರುವಾಗುತ್ತದೆ. ಆದ್ದರಿಂದ ಒಡೆಯಲು ಶುರುವಾಗುವ ಉಷ್ಣತೆಯನ್ನು ಹೇಳುವಾಗ ‘ಕಾವುತಾಳಿಕೆ’, ಕೊನೆಯ ತೂಕಕ್ಕೆ ‘ಉಳಿಕೆ’ ಅಂತ ಎರಡನ್ನೂ ಬೇರೆಯಾಗಿ ಇಡಬೇಕೆಂದಿದ್ದೇನೆ.

ಬಳ್ಳಾರಿ, ಕೊಪ್ಪಳ ಕಡೆಯವರು ಹೇಳಿ: ನಿಮ್ಮಲ್ಲಿ ‘ತಾಳಿಕೆ’ ಬಳಕೆಯಲ್ಲಿದೆಯಾ, ಇಲ್ಲಾ ಕಾವು ತಾಳುವುದಕ್ಕೂ ಬಹಳ ದಿನ ಬರುವುದಕ್ಕೂ ‘ಬಾಳಿಕೆ’ಯೇ ನಡೆಯುತ್ತದಾ? ಕುಲುಮೆ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರು ಇದಕ್ಕೆ ಬೇರೆ ಮಾತು ಆಡುತ್ತಿದ್ದರೆ ಅದನ್ನೂ ತಿಳಿಸಿ.